ಅಗ್ಗದ ಟಿಕೆಟ್, ದೂರದ ಹಾರಾಟ: ತಪ್ಪಿದ ವಿಮಾನಕ್ಕೆ ಯಾರು ಹೊಣೆ?

ಬೈಲಹೊಂಗಲದಿಂದ ಪರದೇಶಕ್ಕೆ ಹೊರಟವರ ಪ್ರಯಾಣ ಬಸ್ ನಿಲ್ದಾಣದಲ್ಲಿ ಶುರುವಾಗುತ್ತದೆ. ಊರಿಗೆ ರೈಲಿಲ್ಲ, ಸವದತ್ತಿಗೂ ಇಲ್ಲ, ರಾಮದುರ್ಗಕ್ಕೂ ಇಲ್ಲ. ಕಿತ್ತೂರಿನ ಮೇಲೆ ಹಾದು ಧಾರವಾಡ ಬೆಳಗಾವಿಗಳನ್ನು ಕೂಡಿಸುವ ಹೊಸ ರೈಲುಮಾರ್ಗ ಮಂಜೂರಾಗಿ ವರ್ಷಗಳು ಕಳೆದವು, ಅದರ ಮೇಲೆ ಗಾಡಿ ಓಡುವ ದಿನ ಇನ್ನೂ ಬಂದಿಲ್ಲ. ಹತ್ತಿರದ ವಿಮಾನ ನಿಲ್ದಾಣಗಳೆಂದರೆ ಒಂದು ದಿಕ್ಕಿಗೆ ಬೆಳಗಾವಿಯ ಸಾಂಬ್ರಾ, ಇನ್ನೊಂದು ದಿಕ್ಕಿಗೆ ಹುಬ್ಬಳ್ಳಿ. ಯುರೋಪಿಗೋ ಅಮೆರಿಕಕ್ಕೋ ಹೋಗುವ ದೊಡ್ಡ ವಿಮಾನ ಹತ್ತಬೇಕಾದರೆ ಬೆಂಗಳೂರಿನ ದೇವನಹಳ್ಳಿ ನಿಲ್ದಾಣಕ್ಕೆ ಹೋಗಬೇಕು, ಇಲ್ಲವೇ ಮುಂಬೈಗೆ. ಬೆಳಗಾವಿಯಿಂದ ಎರಡೂ ಹೆಚ್ಚುಕಡಿಮೆ 500 ಕಿಲೋಮೀಟರ್. ಇಷ್ಟಾದರೂ ಈ ನಾಲ್ಕು ತಾಲ್ಲೂಕುಗಳ ಜನ ಹೋಗುತ್ತಿದ್ದಾರೆ. ಕೊಲ್ಲಿ ದೇಶಗಳಿಗೆ ದುಡಿಯಲು, ಜರ್ಮನಿ ಇಂಗ್ಲೆಂಡುಗಳಿಗೆ ಓದಲು, ಅಮೆರಿಕಕ್ಕೆ ಮಗಳ ಬಾಣಂತನ ಮಾಡಲು. ಇವರಲ್ಲಿ ಬಹುಪಾಲು ಜನ ಕೊಳ್ಳುವುದು ಎಕಾನಮಿ ಟಿಕೆಟ್, ಅದರಲ್ಲೂ ಮೊಬೈಲಿನ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಕಾಣುವ ಕಡಿಮೆ ದರದ್ದು. ಆ ದರದಲ್ಲಿ ಏನು ಸೇರಿದೆ, ಏನು ಸೇರಿಲ್ಲ ಎಂಬುದನ್ನು ಬೆಂಗಳೂರಿನಿಂದಲೋ ಮುಂಬೈಯಿಂದಲೋ ನೋಡಿ ಬರೆದದ್ದು ಬೇಕಾದಷ್ಟಿದೆ. ಬೈಲಹೊಂಗಲದ ಬಸ್ ನಿಲ್ದಾಣದಲ್ಲಿ ನಿಂತು ನೋಡಿದರೆ ಲೆಕ್ಕ ಬೇರೆಯಾಗುತ್ತದೆ.

ಕಡಿಮೆ ದರದ ದೂರದ ಹಾರಾಟದ ಬಗ್ಗೆ ಕೇಳಿಬರುವ ದೂರು ಹೆಚ್ಚಾಗಿ ಸೀಟಿನದು. ಕಾಲು ಚಾಚಲು ಜಾಗವಿಲ್ಲ, ಊಟವಿಲ್ಲ, ನೀರಿಗೂ ದುಡ್ಡು ಎಂಬ ಮಾತು. ಈ ದೂರು ಸುಳ್ಳಲ್ಲ, ಆದರೆ ಅದು ತಪ್ಪು ಜಾಗದಲ್ಲಿ ಬೆರಳಿಡುತ್ತದೆ ಎಂಬುದು ನನ್ನ ವಾದ. ಅಗ್ಗದ ವಿಮಾನದ ಸೀಟಿಗೂ ದುಬಾರಿ ಕಂಪನಿಯ ಎಕಾನಮಿ ಸೀಟಿಗೂ ಇರುವ ವ್ಯತ್ಯಾಸ ನಾವು ತಿಳಿದಷ್ಟಿಲ್ಲ. ನಿಜವಾದ ವ್ಯತ್ಯಾಸ ಹೊಣೆಯಲ್ಲಿದೆ. ಒಂದು ವಿಮಾನ ತಡವಾಗಿ ಮುಂದಿನದು ತಪ್ಪಿದರೆ ಆ ನಷ್ಟ ಯಾರ ತಲೆಯ ಮೇಲೆ ಬೀಳಬೇಕು ಎಂಬಲ್ಲಿದೆ. ನೇರ ವಿಮಾನ ಸಿಗುವ ಮಹಾನಗರದವರಿಗೆ ಈ ಪ್ರಶ್ನೆ ಎದುರಾಗುವುದೇ ಅಪರೂಪ. ಎರಡು ಮೂರು ಕಡೆ ವಾಹನ ಬದಲಿಸದೆ ಎಲ್ಲಿಗೂ ಹೋಗಲಾಗದ ತಾಲ್ಲೂಕಿನವರಿಗೆ ಪ್ರತಿ ಪ್ರಯಾಣದಲ್ಲೂ ಇದೇ ದೊಡ್ಡ ಪ್ರಶ್ನೆ.

ಮೊದಲು ಸೀಟಿನ ಮಾತನ್ನೇ ಮುಗಿಸೋಣ. ಬೋಯಿಂಗ್ 787-9 ಎಂಬ ಒಂದೇ ಮಾದರಿಯ ವಿಮಾನವನ್ನು ತೆಗೆದುಕೊಳ್ಳಿ. ಬ್ರಿಟಿಷ್ ಏರ್‌ವೇಸ್ ಅದರಲ್ಲಿ 216 ಸೀಟು ಹಾಕಿಸಿತು. ಸಿಂಗಪುರದ ಅಗ್ಗದ ಕಂಪನಿ ಸ್ಕೂಟ್ ಅದೇ ವಿಮಾನದಲ್ಲಿ 375 ಸೀಟು ಕೂರಿಸಿತು. ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಸ್ಕೂಟ್ ಜನರನ್ನು ಕುರಿ ತುಂಬಿದಂತೆ ತುಂಬಿದೆ ಎನಿಸುತ್ತದೆ. ಆದರೆ ಹೆಚ್ಚಿನ ಸೀಟುಗಳು ಬಂದದ್ದು ಬಹುಮಟ್ಟಿಗೆ ಮುಂಭಾಗದ ಮಂಚದಂಥ ಸೀಟುಗಳನ್ನು ತೆಗೆದುಹಾಕಿದ್ದರಿಂದ. ಹಿಂಭಾಗದ ಎಕಾನಮಿಯಲ್ಲಿ ಇಬ್ಬರೂ ಒಂದು ಸಾಲಿಗೆ ಒಂಬತ್ತು ಜನರನ್ನೇ ಕೂರಿಸುತ್ತಾರೆ, ಸೀಟಿನ ಅಗಲ ಸುಮಾರು 17 ಇಂಚು. ಒಂದು ಸೀಟಿನಿಂದ ಮುಂದಿನ ಸೀಟಿಗಿರುವ ದೂರ ಎರಡೂ ಕಡೆ 31 ಇಂಚಿನ ಆಸುಪಾಸು. ದೇಶದೊಳಗೆ ಒಂದೆರಡು ಗಂಟೆ ಹಾರುವ ಅಗ್ಗದ ವಿಮಾನಗಳಲ್ಲಿ ಈ ದೂರ 28, 29 ಇಂಚಿಗೆ ಇಳಿಯುವುದುಂಟು. ದೂರದ ಹಾರಾಟದಲ್ಲಿ ಅಷ್ಟು ಒತ್ತಿದರೆ ಜನ ಎರಡನೆಯ ಸಲ ಬರುವುದಿಲ್ಲವೆಂದು ಕಂಪನಿಗಳಿಗೂ ಗೊತ್ತು. ಮೈಗೆ ಆಗುವ ಆಯಾಸವನ್ನು ಕಂಪನಿಯ ಹೆಸರಿಗಿಂತ ವಿಮಾನದ ವಯಸ್ಸು ಹೆಚ್ಚು ನಿರ್ಧರಿಸುತ್ತದೆ. ಹಳೆಯ ಲೋಹದ ವಿಮಾನಗಳ ಒಳಗಿನ ಗಾಳಿಯ ಒತ್ತಡ 8,000 ಅಡಿ ಎತ್ತರದ ಬೆಟ್ಟದ ಮೇಲಿದ್ದಷ್ಟಕ್ಕೆ ಇಳಿಯಬಹುದು. 787ರಲ್ಲಿ ಅದು 6,000 ಅಡಿಯ ಮಟ್ಟದಲ್ಲೇ ನಿಲ್ಲುತ್ತದೆ. ಬಿಟ್ಟಿ ಊಟ ಕೊಡುವ ಕಂಪನಿಯ ಹಳೆಯ ವಿಮಾನಕ್ಕಿಂತ ಊಟ ಕೊಡದ ಕಂಪನಿಯ ಹೊಸ ವಿಮಾನದಲ್ಲಿ ಹತ್ತು ತಾಸು ಕೂತವರು ಹಗುರಾಗಿ ಇಳಿಯುವ ಸಂಭವ ಹೆಚ್ಚು.

ಆರೋಗ್ಯದ ಭಯಕ್ಕೂ ಇದೇ ಉತ್ತರ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದಕ್ಕೆ ಎಕಾನಮಿ ಕ್ಲಾಸ್ ಸಿಂಡ್ರೋಮ್ ಎಂಬ ಹೆಸರೇ ಅಂಟಿಕೊಂಡಿದೆ. ವಿಶ್ವ ಆರೋಗ್ಯ ಸಂಸ್ಥೆ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ನಾಲ್ಕು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಕೂತು ಪ್ರಯಾಣ ಮಾಡಿದರೆ ಈ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ಹಾಗಾದರೂ ಅದು ಸುಮಾರು 6,000 ಜನರಲ್ಲಿ ಒಬ್ಬರಿಗೆ ಬರುವಂಥದ್ದು. ಗಮನಿಸಬೇಕಾದದ್ದು ಇನ್ನೊಂದಿದೆ. ಆ ಅಧ್ಯಯನ ವಿಮಾನವನ್ನಷ್ಟೇ ದೂರಲಿಲ್ಲ. ಬಸ್ಸು, ರೈಲು, ಕಾರು ಎಲ್ಲವನ್ನೂ ಸೇರಿಸಿ ಹೇಳಿತು. ಕಾರಣ ಅಲುಗಾಡದೆ ಕೂರುವುದು. ಬೈಲಹೊಂಗಲದಿಂದ ರಾತ್ರಿ ಬಸ್ಸಿನ ಸೀಟಿನಲ್ಲಿ ಬೆಂಗಳೂರಿಗೆ ಹೋಗಿ, ಅಲ್ಲಿಂದ ದೇವನಹಳ್ಳಿಗೆ ಹೋಗಿ, ಮತ್ತೆ ಹತ್ತು ತಾಸು ವಿಮಾನದಲ್ಲಿ ಕೂರುವ ಅರವತ್ತು ದಾಟಿದ ತಾಯಿಗೆ ಕೂತ ಗಂಟೆಗಳ ಲೆಕ್ಕ ಬಸ್ಸಿನಿಂದಲೇ ಶುರುವಾಗಿರುತ್ತದೆ. ಅವರ ಕಾಲಿನ ಚಿಂತೆ ಮಾಡುವ ಮಕ್ಕಳು ವಿಮಾನದ ಸೀಟು ಬದಲಿಸಲು ಕೊಡುವ ಹೆಚ್ಚುವರಿ ದುಡ್ಡನ್ನು ಬಸ್ಸಿನ ಸ್ಲೀಪರಿಗೋ ನಡುವೆ ಒಂದು ರಾತ್ರಿಯ ವಿಶ್ರಾಂತಿಗೋ ಕೊಟ್ಟರೆ ಹೆಚ್ಚು ಪ್ರಯೋಜನವಾದೀತು.

ಹಾಗಾದರೆ ದರ ಕಡಿಮೆಯಾಗುವುದು ಎಲ್ಲಿಂದ? ಇದಕ್ಕೆ ಉತ್ತರ ಹುಡುಕಲು ನಮ್ಮ ಭಾಗದವರು ದೂರ ಹೋಗಬೇಕಿಲ್ಲ. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ 2003ರ ಆಗಸ್ಟ್‌ನಲ್ಲಿ ಏರ್ ಡೆಕ್ಕನ್ ಆರಂಭಿಸಿದಾಗ ಅವರ ಸಣ್ಣ ಎಟಿಆರ್ ವಿಮಾನಗಳು ಮೊದಲು ಮುಟ್ಟಿದ ಊರುಗಳಲ್ಲಿ ಹುಬ್ಬಳ್ಳಿಯೂ ಒಂದು. ಆರ್. ಕೆ. ಲಕ್ಷ್ಮಣ್ ಅವರ ಶ್ರೀಸಾಮಾನ್ಯನ ಚಿತ್ರವನ್ನೇ ಗುರುತಾಗಿ ಇಟ್ಟುಕೊಂಡ ಕಂಪನಿಯದು. ಒಂದು ರೂಪಾಯಿಗೂ ಟಿಕೆಟ್ ಮಾರಿ ದೇಶದ ಗಮನ ಸೆಳೆಯಿತು. ಅದರ ಹಿಂದಿನ ಲೆಕ್ಕ 1971ರಲ್ಲಿ ಹಾರಾಟ ಶುರುಮಾಡಿದ ಅಮೆರಿಕದ ಸೌತ್‌ವೆಸ್ಟ್ ಕಂಪನಿಯ ಕಾಲದಿಂದ ಹೆಚ್ಚು ಬದಲಾಗಿಲ್ಲ: ವಿಮಾನ ನೆಲದ ಮೇಲೆ ನಿಂತಿದ್ದರೆ ನಷ್ಟ. ಇಳಿದ ಅರ್ಧ ಗಂಟೆಯೊಳಗೆ ಮತ್ತೆ ಹಾರಿಸಿ, ದಿನಕ್ಕೆ ಆರೆಂಟು ಸಲ ಓಡಿಸಿ, ಊಟದ ಗಾಡಿ ಇಳಿಸಿ, ಅಲ್ಲಿ ಸೀಟು ಹೆಚ್ಚಿಸಿ, ಏಜೆಂಟರ ಕಮಿಷನ್ ಉಳಿಸಿದರೆ ಒಂದೊಂದು ಸೀಟಿನ ಖರ್ಚು ಇಳಿಯುತ್ತದೆ. ಏರ್ ಡೆಕ್ಕನ್ 2008ರ ಹೊತ್ತಿಗೆ ಕಿಂಗ್‌ಫಿಶರ್‌ನಲ್ಲಿ ಕರಗಿತು, ಆ ಕಿಂಗ್‌ಫಿಶರ್ ಕೂಡ 2012ರಲ್ಲಿ ನಿಂತಿತು. ಆದರೆ ಕಡಿಮೆ ದರದ ಸೂತ್ರ ಸಾಯಲಿಲ್ಲ. ಇಂದು ಭಾರತದೊಳಗೆ ಹಾರುವವರಲ್ಲಿ ಹೆಚ್ಚಿನವರು ಆ ಸೂತ್ರದ ವಿಮಾನಗಳಲ್ಲೇ ಹಾರುತ್ತಾರೆ.

ಈ ಸೂತ್ರವನ್ನು ಹತ್ತು ತಾಸಿನ ಹಾರಾಟಕ್ಕೆ ಹಚ್ಚಿದಾಗ ಅದು ಹರಿದುಬೀಳುತ್ತದೆ, ಮತ್ತು ಹರಿದುಬೀಳುವ ಕಾರಣ ಸ್ಪಷ್ಟವಾಗಿದೆ. ಬೆಂಗಳೂರಿನಿಂದ ಯುರೋಪಿಗೆ ಹೋಗುವ ಯಾವ ಕಂಪನಿಯ ವಿಮಾನವೂ ದಿನದ ಬಹುಪಾಲು ಆಕಾಶದಲ್ಲೇ ಇರುತ್ತದೆ. ನೆಲದ ಮೇಲಿನ ಅರ್ಧ ಗಂಟೆ ಉಳಿಸಿ ಅಲ್ಲಿ ಗಳಿಸುವುದೇನೂ ಇಲ್ಲ. ದೂರ ಹೆಚ್ಚಿದಂತೆ ಖರ್ಚಿನಲ್ಲಿ ಇಂಧನದ ಪಾಲು ಹೆಚ್ಚುತ್ತದೆ, ಇಂಧನಕ್ಕೆ ಅಗ್ಗದ ಕಂಪನಿ ದುಬಾರಿ ಕಂಪನಿ ಎಂಬ ಭೇದವಿಲ್ಲ. ಸಿಬ್ಬಂದಿ ಸಂಜೆ ಮನೆಗೆ ಮರಳಲಾಗದು, ಪರದೇಶದ ಹೋಟೆಲಿನಲ್ಲಿ ಇರಿಸಬೇಕು. ಇದೆಲ್ಲಕ್ಕಿಂತ ದೊಡ್ಡದು, ದುಬಾರಿ ಕಂಪನಿಗೆ ಮುಂಭಾಗದ ಸೀಟುಗಳಿಂದಲೂ ಹೊಟ್ಟೆಯಲ್ಲಿ ತುಂಬಿದ ಸರಕಿನಿಂದಲೂ ಬರುವ ಆದಾಯ. ಆ ಆದಾಯದ ಬಲದ ಮೇಲೆ ಅದು ಹಿಂದಿನ ಸೀಟನ್ನು ಅಗ್ಗಕ್ಕೆ ಮಾರಬಲ್ಲದು. ಬಿಸಿನೆಸ್ ಕ್ಲಾಸಿನಲ್ಲಿ ಕೂತವರು ಎಕಾನಮಿಯವರ ಟಿಕೆಟ್ಟಿನ ಒಂದು ಪಾಲನ್ನು ತೆರುತ್ತಿದ್ದಾರೆ ಎಂದರೂ ತಪ್ಪಲ್ಲ.

ಇತಿಹಾಸ ಇದನ್ನೇ ಮತ್ತೆ ಮತ್ತೆ ತೋರಿಸಿದೆ. ಬ್ರಿಟನ್ನಿನ ಫ್ರೆಡ್ಡಿ ಲೇಕರ್ 1977ರ ಸೆಪ್ಟೆಂಬರಿನಲ್ಲಿ ಲಂಡನ್ನಿನಿಂದ ನ್ಯೂಯಾರ್ಕಿಗೆ 59 ಪೌಂಡಿಗೆ ಜನರನ್ನು ಒಯ್ಯಲು ಶುರುಮಾಡಿದ. 1982ರ ಫೆಬ್ರುವರಿಯಲ್ಲಿ ಕಂಪನಿ ಮುಳುಗಿತು. ಹಾಂಗ್‌ಕಾಂಗಿನ ಓಯಸಿಸ್ 2006ರಲ್ಲಿ ಲಂಡನ್ನಿಗೆ ಹಾರಿ 2008ರ ಏಪ್ರಿಲಿನಲ್ಲಿ ನಿಂತಿತು. ಮಲೇಷ್ಯಾದ ಏರ್ಏಷ್ಯಾ ಎಕ್ಸ್ 2012ರಲ್ಲಿ ಲಂಡನ್ ಪ್ಯಾರಿಸ್‌ಗಳ ಜೊತೆಗೆ ಮುಂಬೈ ದಿಲ್ಲಿಗಳನ್ನೂ ಕೈಬಿಟ್ಟಿತು. ಐಸ್‌ಲ್ಯಾಂಡಿನ ವಾವ್ 2019ರ ಮಾರ್ಚಿನಲ್ಲಿ ನಿಂತಾಗ ಪ್ರಯಾಣಿಕರು ಎರಡು ಖಂಡಗಳಲ್ಲಿ ಸಿಕ್ಕಿಬಿದ್ದರು. 2013ರಲ್ಲಿ ದೂರದ ಹಾರಾಟಕ್ಕಿಳಿದು ಎಲ್ಲರಿಗಿಂತ ದೊಡ್ಡದಾಗಿ ಬೆಳೆದ ನಾರ್ವೇಜಿಯನ್ 2021ರ ಜನವರಿಯಲ್ಲಿ ಆ ವ್ಯವಹಾರವನ್ನೇ ಮುಚ್ಚಿತು. ನಾರ್ವೇಜಿಯನ್ನಿನ ಪತನಕ್ಕೆ ಕೋವಿಡ್ಡೂ ಎಂಜಿನ್ನಿನ ದೋಷಗಳೂ ಕಾರಣವಲ್ಲವೇ ಎಂದು ಕೇಳಬಹುದು. ಹೌದು, ಕಾರಣವೇ. ಆದರೆ ಬಿರುಗಾಳಿ ಎಲ್ಲ ಮರಕ್ಕೂ ಬೀಸುತ್ತದೆ. ಬೇರು ಆಳವಿಲ್ಲದ್ದು ಮೊದಲು ಉರುಳುತ್ತದೆ. ಉಳಿದವರನ್ನು ನೋಡಿದರೆ ಇದು ಖಚಿತವಾಗುತ್ತದೆ. ಸ್ಕೂಟ್‌ನ ಹಿಂದೆ ಸಿಂಗಪುರ್ ಏರ್‌ಲೈನ್ಸ್ ಇದೆ, ಜೆಟ್‌ಸ್ಟಾರ್ ಹಿಂದೆ ಕ್ವಾಂಟಾಸ್, ಜಿಪ್‌ಏರ್ ಹಿಂದೆ ಜಪಾನ್ ಏರ್‌ಲೈನ್ಸ್. ದೂರದ ಅಗ್ಗದ ಹಾರಾಟಗಳಲ್ಲಿ ಬಾಳಿ ಬದುಕಿದ ಹೆಸರುಗಳು ಹೆಚ್ಚಾಗಿ ದೊಡ್ಡಣ್ಣನ ನೆರಳಿನಲ್ಲಿರುವಂಥವು.

ನಮ್ಮ ದೇಶದ ಅನುಭವವೂ ಇದಕ್ಕೆ ಹೊರತಲ್ಲ. ಕೊಲ್ಲಿ ದೇಶಗಳಿಗೆ ದುಡಿಯಲು ಹೋಗುವವರಿಗಾಗಿ 2005ರಲ್ಲಿ ಹಾರಾಟ ಆರಂಭಿಸಿದ ಏರ್ ಇಂಡಿಯಾ ಎಕ್ಸ್‌ಪ್ರೆಸ್, ಏರ್ ಇಂಡಿಯಾದ ಮಗುವಾಗಿಯೇ ಬೆಳೆಯಿತು. ಮಂಗಳೂರಿನಿಂದ ದುಬೈಗೆ ಅದು ಕಟ್ಟಿಕೊಟ್ಟ ಕೊಂಡಿ ಕರಾವಳಿಯ ಸಾವಿರಾರು ಕುಟುಂಬಗಳ ಅನ್ನದ ದಾರಿ. ಆದರೆ ಅದು ನಾಲ್ಕು ತಾಸಿನೊಳಗಿನ ಹಾರಾಟ. ಹಳೆಯ ಸೂತ್ರ ಅಲ್ಲಿಯವರೆಗೆ ಎಳೆದರೆ ಬರುತ್ತದೆ. ನಿಜವಾದ ದೂರಕ್ಕೆ ಇಂಡಿಗೋ ಕೈಹಾಕಿದ್ದು 2025ರ ಜುಲೈನಲ್ಲಿ, ಮುಂಬೈಯಿಂದ ಮ್ಯಾಂಚೆಸ್ಟರಿಗೂ ಆಮ್‌ಸ್ಟರ್‌ಡ್ಯಾಮಿಗೂ. ಅದಕ್ಕೆ ಬಳಸಿದ್ದು ಬಾಡಿಗೆಗೆ ಪಡೆದ 338 ಸೀಟಿನ 787-9. ಗಮನಿಸಿ: ದೇಶದೊಳಗೆ ಬಿಸ್ಕತ್ತಿಗೂ ದುಡ್ಡು ಪಡೆಯುವ ಕಂಪನಿ ಈ ಹಾರಾಟದಲ್ಲಿ ಬಿಸಿ ಊಟ ಸೇರಿಸಿತು, ಮುಂಭಾಗದಲ್ಲಿ 56 ಅಗಲ ಸೀಟುಗಳನ್ನು ಇಟ್ಟಿತು, ಯುರೋಪಿನ ಹಳೆಯ ಕಂಪನಿಗಳ ಜೊತೆ ಟಿಕೆಟ್ ಹಂಚಿಕೆಯ ಒಪ್ಪಂದ ಮಾಡಿಕೊಂಡಿತು. ದೂರ ಹೋದಂತೆ ಅಗ್ಗದ ಕಂಪನಿ ತಾನೇ ತಾನಾಗಿ ಹಳೆಯ ಕಂಪನಿಯ ಹಾಗೆ ಆಗುತ್ತದೆ. ಇದನ್ನು ಸೋಲೆಂದು ಹೇಳಲಾರೆ. ದೂರ ತನ್ನ ನಿಯಮವನ್ನು ತಾನೇ ಬರೆಯುತ್ತದೆ.

ಊಟ, ಸಾಮಾನುಗಳ ಮಾತು ಬೇಗ ಮುಗಿಯುವಂಥದ್ದು. ಬೇಕಾದ್ದಕ್ಕೆ ಮಾತ್ರ ದುಡ್ಡು ಕೊಡಿ ಎಂಬ ವ್ಯವಸ್ಥೆಯನ್ನು ಅನ್ಯಾಯವೆಂದು ನಾನು ತಿಳಿಯುವುದಿಲ್ಲ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಹೂಡಿಕೊಂಡು ಹೋಗುವವರು ಬುತ್ತಿ ಕಟ್ಟಿಕೊಂಡೇ ಹೋದವರು. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಕೆಡುವ ಪದಾರ್ಥಗಳಲ್ಲ. ವಿಮಾನದಲ್ಲಿ ತಿನ್ನಲು ಇದಕ್ಕಿಂತ ಒಳ್ಳೆಯದು ಬೇಕಿಲ್ಲ. ಎಣ್ಣೆಯ ಉಪ್ಪಿನಕಾಯಿ, ಮೊಸರುಗಳನ್ನು ಮಾತ್ರ ಕೈಚೀಲದಲ್ಲಿ 100 ಮಿಲಿಲೀಟರಿಗಿಂತ ಹೆಚ್ಚು ಬಿಡುವುದಿಲ್ಲ. ಸಾಮಾನಿನ ತೂಕದಲ್ಲಿ ಬೇರೊಂದು ತೊಡಕಿದೆ. ದೇಶದೊಳಗಿನ ಅಗ್ಗದ ವಿಮಾನದಲ್ಲಿ ಸಾಮಾನ್ಯವಾಗಿ 15 ಕಿಲೋ, ಪರದೇಶದ ವಿಮಾನದಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು. ಎರಡೂ ಒಂದೇ ಟಿಕೆಟ್ಟಿನಲ್ಲಿದ್ದರೆ ದೊಡ್ಡ ವಿಮಾನದ ತೂಕವೇ ಮೊದಲಿನಿಂದ ಕೊನೆಯವರೆಗೆ ನಡೆಯುವುದು ರೂಢಿ. ಬೇರೆ ಬೇರೆ ಟಿಕೆಟ್ ಕೊಂಡರೆ ಸಾಂಬ್ರಾದಲ್ಲಿಯೇ ಹೆಚ್ಚಿನ ಕಿಲೋಗಳಿಗೆ ದುಡ್ಡು ಕಟ್ಟಬೇಕು. ಅಗ್ಗ ಅಲ್ಲಿಯೇ ಅರ್ಧ ಕರಗುತ್ತದೆ.

ಈಗ ಮುಖ್ಯ ಮಾತು. ಅಗ್ಗದ ವ್ಯವಹಾರದ ಮೂಲ ಗುಣವೇ ಒಂದು ಊರಿನಿಂದ ಇನ್ನೊಂದು ಊರಿಗೆ ಒಯ್ದು ಇಳಿಸಿ ಕೈತೊಳೆದುಕೊಳ್ಳುವುದು. ಮುಂದೆ ನೀವು ಎಲ್ಲಿಗೆ ಹೋಗುತ್ತೀರಿ ಎಂಬುದು ಅದಕ್ಕೆ ಬೇಡ. ಹಾಗೆ ಬೇಡವೆಂದಿದ್ದರಿಂದಲೇ ಅದರ ಖರ್ಚಿನಲ್ಲಿ ದೊಡ್ಡ ಉಳಿತಾಯ: ಸಾಮಾನು ಒಂದು ವಿಮಾನದಿಂದ ಇನ್ನೊಂದಕ್ಕೆ ಸಾಗಿಸುವ ಕೆಲಸವಿಲ್ಲ, ತಪ್ಪಿಸಿಕೊಂಡವರಿಗೆ ಬೇರೆ ಸೀಟು ಹುಡುಕುವ ಕೆಲಸವಿಲ್ಲ, ಹೋಟೆಲಿನ ಬಿಲ್ಲಿಲ್ಲ. ಮೊಬೈಲಿನಲ್ಲಿ ಹುಡುಕಿದಾಗ ಬೆಳಗಾವಿಯಿಂದ ಒಂದು ಕಂಪನಿಯ ಟಿಕೆಟ್, ಬೆಂಗಳೂರಿನಿಂದ ಇನ್ನೊಂದರದು, ನಡುದಾರಿಯ ಊರಿನಿಂದ ಮೂರನೆಯದು ಎಂದು ಹೊಲಿದು ಕೊಡುವ ಜಾಲತಾಣಗಳಿವೆ. ಅದಕ್ಕೆ ಸೆಲ್ಫ್ ಟ್ರಾನ್ಸ್‌ಫರ್ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಆ ಎರಡು ಪದಗಳ ಅರ್ಥ ಇಷ್ಟು: ನಡುವಿನಲ್ಲಿ ಏನಾದರೂ ತಪ್ಪಿದರೆ ಯಾರೂ ನಿಮ್ಮವರಲ್ಲ.

ಒಂದೇ ಟಿಕೆಟ್, ತುಂಡು ಟಿಕೆಟ್ ಎಂಬ ಈ ಗೆರೆಯ ಮೇಲೆಯೇ ಕಾನೂನು ಕೂಡ ನಿಂತಿದೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮಗಳಲ್ಲಿ ವಿಮಾನ ರದ್ದಾದರೆ, ಬಹಳ ತಡವಾದರೆ ಕಂಪನಿ ಏನು ಕೊಡಬೇಕೆಂದು ಬರೆದಿದೆ: ಬದಲಿ ವಿಮಾನ ಅಥವಾ ಹಣ ವಾಪಸ್ಸು, ತಡವಾದಾಗ ಊಟ, ರಾತ್ರಿ ಉಳಿಯಬೇಕಾದರೆ ಕೆಲವು ಸಂದರ್ಭಗಳಲ್ಲಿ ಹೋಟೆಲ್, ಮುನ್ಸೂಚನೆ ಕೊಡದೆ ರದ್ದುಮಾಡಿದರೆ ಹಾರಾಟದ ಅವಧಿಗೆ ತಕ್ಕಂತೆ 5,000ದಿಂದ 10,000 ರೂಪಾಯಿಯವರೆಗೆ ಪರಿಹಾರ. ಮುಂದಿನ ವಿಮಾನ ತಪ್ಪಿದವರ ಮಾತು ಬರುವಲ್ಲಿ ಆ ನಿಯಮ ಒಂದೇ ಟಿಕೆಟ್ ಸಂಖ್ಯೆಯಲ್ಲಿ ಕಾದಿರಿಸಿದವರನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತದೆ. ಭಾರತ 2009ರಲ್ಲಿ ಒಪ್ಪಿಕೊಂಡ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಅಂತರರಾಷ್ಟ್ರೀಯ ಪ್ರಯಾಣದಲ್ಲಿ ತಡದಿಂದಾದ ನಷ್ಟಕ್ಕೆ ಕಂಪನಿ ಹೊಣೆ. ಆದರೆ ಬೇರೆ ಬೇರೆಯಾಗಿ ಕೊಂಡ ಟಿಕೆಟ್ಟುಗಳು ಒಂದೇ ಪ್ರಯಾಣವೆಂದು ಸಾಧಿಸುವುದು ಪ್ರಯಾಣಿಕನ ಪಾಡು. ಯುರೋಪಿನ 2004ರ ನಿಯಮ ಇನ್ನೂ ಕಠಿಣ. 3,500 ಕಿಲೋಮೀಟರಿಗಿಂತ ದೂರದ ಹಾರಾಟ ಬಹಳ ತಡವಾದರೆ 600 ಯೂರೋವರೆಗೆ ಪರಿಹಾರ ಕೊಡಿಸುತ್ತದೆ. ಆಮ್‌ಸ್ಟರ್‌ಡ್ಯಾಮಿನಿಂದ ಮುಂಬೈಗೆ ಬರುವ ಭಾರತೀಯ ವಿಮಾನಕ್ಕೆ ಅದು ಅನ್ವಯಿಸುತ್ತದೆ, ಮುಂಬೈಯಿಂದ ಆಮ್‌ಸ್ಟರ್‌ಡ್ಯಾಮಿಗೆ ಹೋಗುವ ಅದೇ ವಿಮಾನಕ್ಕೆ ಅನ್ವಯಿಸುವುದಿಲ್ಲ. ಒಂದೇ ಸೀಟು, ಒಂದೇ ದಾರಿ. ಹೋಗುವಾಗ ಒಂದು ಹಕ್ಕು, ಬರುವಾಗ ಇನ್ನೊಂದು.

ಇದರ ಮೇಲೆ ಪಾಸ್‌ಪೋರ್ಟಿನ ತೊಡಕು. ಬೇರೆ ಬೇರೆ ಟಿಕೆಟ್ ಕೊಂಡವರು ನಡುದಾರಿಯ ದೇಶದಲ್ಲಿ ಹೊರಗೆ ಬಂದು, ಸಾಮಾನು ಎತ್ತಿಕೊಂಡು, ಮತ್ತೆ ಸಾಲಿನಲ್ಲಿ ನಿಂತು ಒಳಗೆ ಹೋಗಬೇಕಾಗಬಹುದು. ಯುರೋಪಿನವರಿಗೆ ಅದು ಒಂದು ಗಂಟೆಯ ಕಿರಿಕಿರಿ. ಭಾರತದ ಪಾಸ್‌ಪೋರ್ಟ್ ಹಿಡಿದವರಿಗೆ ಅನೇಕ ದೇಶಗಳಲ್ಲಿ ಹೊರಗೆ ಕಾಲಿಡಲು ವೀಸಾ ಬೇಕು. ವೀಸಾ ಇಲ್ಲದಿದ್ದರೆ ಮೊದಲ ವಿಮಾನಕ್ಕೇ ಹತ್ತಿಸದೆ ನಿಲ್ಲಿಸಬಹುದು. ಒಂಟಿಯಾಗಿ ಹೊರಟ, ಇಂಗ್ಲಿಷ್ ಹಿಂದಿ ಎರಡೂ ಬಾರದ ತಾಯಂದಿರ ಪರಿಸ್ಥಿತಿಯನ್ನು ಇಲ್ಲಿ ನೆನೆಯಬೇಕು. ನಡೆಯಲು ಬರುವ ಹಿರಿಯರಿಗೂ ಮಕ್ಕಳು ಗಾಲಿಕುರ್ಚಿ ಕೇಳಿ ಕಾದಿರಿಸುವುದುಂಟು. ಕುರ್ಚಿಯನ್ನು ತಳ್ಳುವವರು ಒಂದು ಬಾಗಿಲಿನಿಂದ ಇನ್ನೊಂದಕ್ಕೆ ಮುಟ್ಟಿಸುತ್ತಾರೆಂಬ ಧೈರ್ಯಕ್ಕೆ. ಟಿಕೆಟ್ ತುಂಡಾದಲ್ಲಿ ಆ ಸಹಾಯವೂ ತುಂಡಾಗುತ್ತದೆ. ಅಗ್ಗದ ಟಿಕೆಟ್ಟಿನ ಬಗ್ಗೆ ಬರೆಯುವವರು ಕಾಲಿನ ಜಾಗವನ್ನು ಇಂಚಿನಲ್ಲಿ ಅಳೆಯುತ್ತಾರೆ. ಈ ಭಯವನ್ನು ಅಳೆದು ಬರೆದವರು ಕಡಿಮೆ.

ಆಕ್ಷೇಪಗಳಿವೆ, ಅವು ಹಗುರವಾದವೂ ಅಲ್ಲ. ಬೆಂಗಳೂರಿನಿಂದಲೇ ನೇರ ವಿಮಾನಗಳಿವೆಯಲ್ಲ ಎನ್ನಬಹುದು. ಇವೆ. ಏರ್ ಇಂಡಿಯಾ 2021ರ ಜನವರಿಯಲ್ಲಿ ಬೆಂಗಳೂರು ಸ್ಯಾನ್ ಫ್ರಾನ್ಸಿಸ್ಕೋಗಳ ನಡುವೆ ಎಲ್ಲಿಯೂ ಇಳಿಯದ ಹಾರಾಟ ಶುರುಮಾಡಿತ್ತು. 2025ರ ಆಗಸ್ಟ್‌ನಿಂದ ಬೆಳಗಾವಿಯಿಂದ ಬೆಂಗಳೂರಿಗೆ ವಂದೇ ಭಾರತ್ ರೈಲೂ ಓಡುತ್ತಿದೆ. ಆದರೆ ನೇರ ವಿಮಾನ ಬೆಂಗಳೂರಿನವರಿಗೆ ನೇರ. ಬೈಲಹೊಂಗಲದವರಿಗೆ ಬಸ್ಸು, ರೈಲು, ಮತ್ತೆ ನಗರದ ಗದ್ದಲದಲ್ಲಿ ದೇವನಹಳ್ಳಿಯವರೆಗಿನ ಟ್ಯಾಕ್ಸಿ ಎಲ್ಲ ಸೇರಿ ಮೂರು ಕೊಂಡಿ. ಮೂರರಲ್ಲಿ ಯಾವುದು ತಡವಾದರೂ ವಿಮಾನ ಕಂಪನಿಗೆ ಸಂಬಂಧವಿಲ್ಲ. ಮಳೆಗಾಲದಲ್ಲಿ ಬೆಳಗಾವಿಯ ಮೋಡ, ಚಳಿಗಾಲದ ಬೆಳಗಿನಲ್ಲಿ ದೇವನಹಳ್ಳಿಯ ಮಂಜು ಎರಡೂ ಹೊಸತಲ್ಲ. 2025ರ ಡಿಸೆಂಬರ್ ಆರಂಭದಲ್ಲಿ ಪೈಲಟ್‌ಗಳ ವಿಶ್ರಾಂತಿ ನಿಯಮಕ್ಕೆ ಸಿದ್ಧವಾಗದೆ ಇಂಡಿಗೋದ ಸಾವಿರಾರು ದೇಶೀಯ ಹಾರಾಟಗಳು ರದ್ದಾದಾಗ, ಬೇರೆ ಟಿಕೆಟ್ಟಿನಲ್ಲಿ ಪರದೇಶಕ್ಕೆ ಹೊರಟವರಿಗೆ ಒಂದು ಸಣ್ಣ ಕೊಂಡಿ ಕಳಚಿದರೆ ದೊಡ್ಡದೂ ಹೋಗುತ್ತದೆಂಬ ಅಪಾಯ ಕಣ್ಣಿಗೆ ಕಟ್ಟುವಂತಿತ್ತು.

ವಿಮೆ ಮಾಡಿಸಬಹುದಲ್ಲ ಎಂಬುದು ಇನ್ನೊಂದು ಮಾತು. ಮಾಡಿಸಬೇಕು. ಪರದೇಶದಲ್ಲಿ ಆಸ್ಪತ್ರೆಯ ಖರ್ಚಿಗಾದರೂ ಅದು ಬೇಕೇ ಬೇಕು. ಆದರೆ ತಪ್ಪಿದ ವಿಮಾನಕ್ಕೆ ಸಿಗುವ ಮೊತ್ತಕ್ಕೆ ಮಿತಿಗಳಿರುತ್ತವೆ, ಕಾರಣ ತೋರಿಸುವ ಕಾಗದ ಬೇಕಾಗುತ್ತದೆ, ಹಣ ಬರುವುದು ಊರಿಗೆ ಮರಳಿದ ಮೇಲೆ. ರಾತ್ರಿ ಎರಡು ಗಂಟೆಗೆ ಅಪರಿಚಿತ ನಿಲ್ದಾಣದಲ್ಲಿ ಬೇಕಾಗುವುದು ಮರುದಿನದ ಸೀಟು; ವಿಮೆ ಸೀಟು ಕೊಡುವುದಿಲ್ಲ. ದುಬಾರಿ ಕಂಪನಿಗಳೂ ಜನರನ್ನು ಬಿಟ್ಟುಹೋಗಿಲ್ಲವೇ ಎಂದೂ ಕೇಳಬಹುದು. ಬಿಟ್ಟುಹೋಗಿವೆ. ಜೆಟ್ ಏರ್‌ವೇಸ್ ಅಗ್ಗದ ಕಂಪನಿಯಾಗಿರಲಿಲ್ಲ, 2019ರ ಏಪ್ರಿಲ್ 17ರಂದು ಅದರ ಕೊನೆಯ ವಿಮಾನ ಹಾರಿದಾಗ ಟಿಕೆಟ್ ಹಿಡಿದವರು ಎಲ್ಲ ಕಡೆ ಉಳಿದರು. ಅದಕ್ಕಾಗಿಯೇ ನಾನು ಅಗ್ಗದ ಕಂಪನಿಯನ್ನು ಕೆಟ್ಟದ್ದು, ದುಬಾರಿಯದನ್ನು ಒಳ್ಳೆಯದು ಎಂದು ವಿಂಗಡಿಸುತ್ತಿಲ್ಲ. ಒಂದೇ ಪಿಎನ್‌ಆರ್‌ನಲ್ಲಿ ಮೊದಲಿನಿಂದ ಕೊನೆಯವರೆಗೆ ಒಯ್ಯುವ ಟಿಕೆಟ್ಟು, ತುಂಡು ತುಂಡಾದ ಟಿಕೆಟ್ಟು ಎಂಬ ವಿಂಗಡಣೆ ಮಾತ್ರ ಕೆಲಸಕ್ಕೆ ಬರುತ್ತದೆ.

ಎಲ್ಲಕ್ಕಿಂತ ಭಾರವಾದ ಆಕ್ಷೇಪ ಬೇರೆ ಇದೆ, ಅದನ್ನು ಗೌರವದಿಂದ ಎದುರಿಸಬೇಕು. ಅಗ್ಗದ ಟಿಕೆಟ್ ಇಲ್ಲದಿದ್ದರೆ ಜೋಳ ಹತ್ತಿ ಬೆಳೆಯುವ ಮನೆಗಳ ಜನ ಪರದೇಶ ನೋಡುತ್ತಿರಲಿಲ್ಲ. ಅದರಲ್ಲಿ ದೋಷ ಹುಡುಕುವುದು ಹೊಟ್ಟೆ ತುಂಬಿದವರ ಕೆಲಸ ಎಂಬುದು ಆ ಮಾತು. ಇದರ ಮೊದಲ ಅರ್ಧವನ್ನು ನಾನು ಪೂರ್ತಿ ಒಪ್ಪುತ್ತೇನೆ. ಗೋಪಿನಾಥ್ ಅವರ ಕಂಪನಿ ಉಳಿಯದಿದ್ದರೂ ಅವರು ತೆರೆದ ಬಾಗಿಲು ಮುಚ್ಚಿಲ್ಲ, ಮುಚ್ಚಲೂಬಾರದು. ಆದರೆ ಉಳಿದರ್ಧ ತಪ್ಪು. ಟಿಕೆಟ್ ಅಗ್ಗವಾದದ್ದು ಬಡವನಿಗಾಗಿ ಎಂದ ಮೇಲೆ, ತಪ್ಪಿದ ವಿಮಾನದ ನಷ್ಟವೂ ಬಡವನ ತಲೆಗೇ ಬರಬೇಕೆಂಬುದು ಯಾವ ನ್ಯಾಯ? ಉಳ್ಳವರು ವಿಮಾನ ತಪ್ಪಿದರೆ ಇನ್ನೊಂದು ಟಿಕೆಟ್ ಕೊಳ್ಳುತ್ತಾರೆ. ಸಾಲ ಮಾಡಿ ಮಗನನ್ನು ಓದಲು ಕಳಿಸಿದ ಮನೆಗೆ ಎರಡನೆಯ ಟಿಕೆಟ್ ಇನ್ನೊಂದು ಸಾಲ. ಹೆಚ್ಚು ಅಪಾಯವನ್ನು ಅದನ್ನು ತಾಳಲು ಕಡಿಮೆ ಶಕ್ತಿಯಿರುವವರ ಮೇಲೆ ಹೊರಿಸಿ ಉಳಿಸಿದ ಹಣವನ್ನು ರಿಯಾಯಿತಿ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಇದಕ್ಕೆ ಪರಿಹಾರ ಕಠಿಣವಲ್ಲ, ಕಂಡುಹಿಡಿಯಬೇಕಾದದ್ದೂ ಅಲ್ಲ. ಜರ್ಮನಿಯಲ್ಲಿ ಲುಫ್ತಾನ್ಸಾ ಕಂಪನಿ ರೈಲಿಗೇ ವಿಮಾನದ ಸಂಖ್ಯೆ ಕೊಟ್ಟು ಒಂದೇ ಟಿಕೆಟ್ಟಿನಲ್ಲಿ ಮಾರುತ್ತದೆ. ರೈಲು ತಡವಾಗಿ ವಿಮಾನ ತಪ್ಪಿದರೆ ಮುಂದಿನ ವಿಮಾನದಲ್ಲಿ ಕೂರಿಸುವುದು ಕಂಪನಿಯ ಕೆಲಸ. ನಮ್ಮಲ್ಲಿ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಮೈಸೂರಿನಿಂದ ದೇವನಹಳ್ಳಿ ನಿಲ್ದಾಣಕ್ಕೆ ನೇರವಾಗಿ ಓಡುತ್ತಿದೆ. ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯಿರುವ ವಾಯವ್ಯ ಕರ್ನಾಟಕ ಸಾರಿಗೆ ಸಂಸ್ಥೆ ಅಂಥದ್ದೊಂದು ಬಸ್ಸನ್ನು ಕಿತ್ತೂರಿನ ಹೆದ್ದಾರಿಯ ಮೇಲೆ ಓಡಿಸಿ, ವಿಮಾನ ಕಂಪನಿಯೊಂದರ ಟಿಕೆಟ್ಟಿನೊಳಗೆ ಸೇರಿಸುವ ಒಪ್ಪಂದ ಮಾಡಿಕೊಳ್ಳಲು ಅಡ್ಡಿಯೇನು? 2023ರ ಜನವರಿಯಿಂದ ಗೋವಾದ ಮೋಪಾ ನಿಲ್ದಾಣವೂ ನಡೆಯುತ್ತಿದೆ, ನಮ್ಮ ತಾಲ್ಲೂಕುಗಳಿಗೆ ಅದು ದೇವನಹಳ್ಳಿಗಿಂತ ಎಷ್ಟೋ ಹತ್ತಿರ.

ಸಾಂಬ್ರಾದ ಮಾತೂ ಹೇಳಬೇಕು. 1942ರಲ್ಲಿ ಯುದ್ಧಕಾಲಕ್ಕೆಂದು ಬ್ರಿಟಿಷ್ ವಾಯುಪಡೆ ಕಟ್ಟಿದ ಈ ನಿಲ್ದಾಣಕ್ಕೆ 2017ರಲ್ಲಿ ಹೊಸ ಕಟ್ಟಡ ಬಂತು, ಸಣ್ಣ ಊರುಗಳಿಗೆ ವಿಮಾನ ಓಡಿಸಲು ಕೇಂದ್ರ ಸರ್ಕಾರ ಹಣ ಕೊಡುವ ಉಡಾನ್ ಯೋಜನೆಯ ನೆರವಿನಿಂದ ಹಲವು ಊರುಗಳಿಗೆ ವಿಮಾನಗಳು ಬಂದವು. ಮೂರು ವರ್ಷಗಳ ನೆರವು ಮುಗಿದ ಮೇಲೆ ಅವುಗಳಲ್ಲಿ ಕೆಲವು ನಿಂತವು. ಉಡಾನ್ ಸುಮಾರು ಒಂದು ಗಂಟೆಯ ಹಾರಾಟಕ್ಕೆ ಆರಂಭದಲ್ಲಿ 2,500 ರೂಪಾಯಿಯ ಮಿತಿ ಹಾಕಿತು, ಆ ಮಿತಿ ಒಳ್ಳೆಯದೇ. ಆದರೆ ಯೋಜನೆ ಯೋಚಿಸಿದ್ದು ದರದ ಬಗ್ಗೆ ಮಾತ್ರ. ಸರ್ಕಾರದ ಹಣ ಪಡೆಯುವ ಸಣ್ಣ ಹಾರಾಟ ದೊಡ್ಡ ವಿಮಾನದ ಟಿಕೆಟ್ಟಿನೊಂದಿಗೆ ಜೋಡಿಯಾಗಲೇಬೇಕು ಎಂದು ಷರತ್ತು ಹಾಕಿದ್ದರೆ ಸಾಂಬ್ರಾದಿಂದ ಹೊರಟವರು ಫ್ರಾಂಕ್‌ಫರ್ಟಿಗೂ ಟೊರೊಂಟೊಗೂ ಒಂದೇ ಚೀಟಿಯಲ್ಲಿ ಹೋಗಬಹುದಿತ್ತು, ಆ ಸಣ್ಣ ಹಾರಾಟಗಳಿಗೂ ಜನ ಸಿಗುತ್ತಿದ್ದರು. ಬೆಳಗಾವಿಯ ಜನಪ್ರತಿನಿಧಿಗಳು ಹೊಸ ವಿಮಾನ ಕೊಡಿ ಎಂದು ದಿಲ್ಲಿಗೆ ಅರ್ಜಿ ಒಯ್ಯುವಾಗ ಈ ಷರತ್ತನ್ನೂ ಕೇಳಬೇಕು. ಟಿಕೆಟ್ ಮಾರುವ ಜಾಲತಾಣಗಳು ಸೆಲ್ಫ್ ಟ್ರಾನ್ಸ್‌ಫರ್ ಎಂಬುದನ್ನು ದರದಷ್ಟೇ ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲೂ ತೋರಿಸಬೇಕೆಂದು ಮಹಾನಿರ್ದೇಶನಾಲಯ ಆದೇಶಿಸಬೇಕು.

ಅಲ್ಲಿಯವರೆಗೆ ಟಿಕೆಟ್ ಕೊಳ್ಳುವವರಿಗೆ ನನ್ನ ಕೋರಿಕೆ ಇದು. ಮೊಬೈಲಿನ ಪಟ್ಟಿಯ ಮೇಲಿನ ದರ ನೋಡಿದ ಕೂಡಲೇ ಒತ್ತಬೇಡಿ. ಮೊದಲಿನಿಂದ ಕೊನೆಯವರೆಗೆ ಒಂದೇ ಪಿಎನ್‌ಆರ್ ಇದೆಯೇ ನೋಡಿ. ಸಾಮಾನು ಕೊನೆಯ ಊರಿನಲ್ಲೇ ಸಿಗುತ್ತದೆಯೇ ಎಂದು ಏಜೆಂಟರನ್ನು ಕೇಳಿ, ಉತ್ತರವನ್ನು ಬರೆಯಿಸಿಕೊಳ್ಳಿ. ನಡುದಾರಿಯ ದೇಶಕ್ಕೆ ವೀಸಾ ಬೇಕೇ ಎಂದು ವಿಚಾರಿಸಿ. ಬೇರೆ ಟಿಕೆಟ್ ಕೊಳ್ಳದೆ ಗತಿಯಿಲ್ಲವಾದರೆ ಬೆಂಗಳೂರಿನಲ್ಲೋ ಮುಂಬೈಯಲ್ಲೋ ಒಂದು ರಾತ್ರಿ ಉಳಿದು ಮರುದಿನದ ವಿಮಾನ ಹಿಡಿಯಿರಿ, ಆ ರಾತ್ರಿಯ ಬಾಡಿಗೆಯನ್ನೂ ಟಿಕೆಟ್ಟಿನ ದರಕ್ಕೆ ಕೂಡಿಸಿ ಲೆಕ್ಕ ಹಾಕಿ. ಒಬ್ಬರೇ ಹೊರಟ ತಾಯಿ ತಂದೆಗೆ ಮಾತ್ರ ತುಂಡು ಟಿಕೆಟ್ ಕೊಡಿಸಲೇಬೇಡಿ, ಎಷ್ಟೇ ಉಳಿದರೂ.